ಹದಿನೇಳನೆಯ ಪಾರಾ

ನನಗೊಂದು ಚಾಳಿ ಇದೆ. ಏನೇ ಓದಲಿ, ಸಾಲಿನ ಕೆಳಗೆ ಬೆರಳು ಹಿಡಿದೇ ಓದುತ್ತೇನೆ. ಪೇಪರಿರಲಿ, ಲೈಟ್ ಬಿಲ್ಲಿರಲಿ, ಮದುವೆಯ ಕಾರ್ಡಿರಲಿ, ಬಲಗೈಯ ತೋರುಬೆರಳು ತಾನಾಗಿ ಹೋಗಿ ಮೊದಲ ಅಕ್ಷರದ ಕೆಳಗೆ ಕೂತುಬಿಡುತ್ತದೆ. ಮಗ ನಗುತ್ತಾನೆ. ಮೊನ್ನೆ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿಗೆ ಹೋಗಿದ್ದೆವು. ತಿಂಡಿಗಳ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ನಾನು ಇಡ್ಲಿಯಿಂದ ಶುರುಮಾಡಿ ಒಂದೊಂದೇ ಸಾಲು ಇಳಿಯುತ್ತಿದ್ದೆ. ಮಾಣಿ ನಿಂತು ನಿಂತು ಸಾಕಾಗಿ, "ಅಮ್ಮ, ನಿಮ್ಮ ಬೆರಳು ಎಲ್ಲಿ ನಿಲ್ತದೋ ಅದನ್ನೇ ತರ್ತೇನೆ, ಆಗದಾ?" ಅಂದ. ಬೆರಳು ಆಗ ಉತ್ತಪ್ಪದ ಕೆಳಗಿತ್ತು. ಬೇಡವಾಗಿದ್ದರೂ ನಾಚಿಕೆಗೆ ಉತ್ತಪ್ಪವನ್ನೇ ತಿಂದು ಬಂದೆ.

ಹೀಗೆ ಕಂಡಕಂಡಲ್ಲಿ ಓಡುವ ಈ ಬೆರಳು ಜನ್ಮದಲ್ಲಿ ಒಂದೇ ಒಂದು ಕಡೆ ತಪ್ಪದೆ ಓಡಬೇಕಾಗಿತ್ತು. ಓಡಲಿಲ್ಲ. ಅದನ್ನು ನಾನು ಗಂಡನಿಗೂ ಹೇಳಿಲ್ಲ, ಮಕ್ಕಳಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನೀವು ಓದುವಾಗ ನನ್ನ ಮುಖ ನಿಮಗೆ ಕಾಣುವುದಿಲ್ಲವಲ್ಲ, ಅದೊಂದು ಧೈರ್ಯ.

ನಾವು ನದಾಫರು. ಅರಳೆ ಹಿಂಜಿ ಗಾದಿ ಮಾಡುವವರು. ಊರು ಬಿಜಾಪುರದ ಕಡೆ, ಮನೆಮಾತು ಕನ್ನಡ. ಮುಸಲ್ಮಾನರ ಮನೆಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಪ್ಪ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಂಬೈಗೆ ಬಂದಾಗ ಬಿಜಾಪುರವೂ ಮುಂಬೈ ಸರಕಾರದ ಕೆಳಗೇ ಇತ್ತು. ಆಮೇಲೆ ನಾನು ಹುಡುಗಿಯಾಗಿದ್ದಾಗಲೇ ಅದು ಮೈಸೂರಿಗೆ ಸೇರಿತು. ಜೋಗೇಶ್ವರಿಯ ಚಾಳಿನಲ್ಲಿ ಕೂತಲ್ಲೇ ಕೂತು ನಾವು ಬೇರೆ ರಾಜ್ಯದವರಾದೆವು. ಅಪ್ಪನಿಗೆ ಅದನ್ನು ಯಾರೋ ವಾರದ ಮೇಲೆ ಹೇಳಿದರು. "ಹೋಗ್ಲಿ ಬಿಡು, ಅರಳಿ ಅಲ್ಲೂ ಬೆಳ್ಳಗ ಇರ್ತೈತಿ, ಇಲ್ಲೂ ಬೆಳ್ಳಗ ಇರ್ತೈತಿ" ಅಂದ ಅಷ್ಟೆ.

ಚಾಳಿನ ಕೆಳಗಿನ ಸಾಲಿನಲ್ಲಿ ಕೊನೆಯ ಖೋಲಿ ನಮ್ಮದು. ಹಿಂದೆ ಎಮ್ಮೆಗಳ ತಬೇಲೆ, ಮುಂದೆ ಬೀಗ ಮಾಡುವ ಒಂದು ಸಣ್ಣ ಕಾರ್ಖಾನೆ. ಅಪ್ಪ ಬೆಳಿಗ್ಗೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಲೋಕಲ್ ಹಿಡಿದು ಸಾಂತಾಕ್ರೂಜಿನ ಬಂಗಲೆಗಳ ಕಡೆ ಹೋಗುತ್ತಿದ್ದ. ಬೀದಿಯಲ್ಲಿ ಕೂಗಿ ಗಿರಾಕಿ ಕರೆಯಲು ಅವನಿಗೆ ಸಂಕೋಚ. ಬಿಲ್ಲಿನ ತಂತಿಯನ್ನು ಮೀಟುತ್ತ ನಡೆಯುತ್ತಿದ್ದ, ಟೊಂಯ್, ಟೊಂಯ್ ಎಂದು. ಅದು ಕೇಳಿ ಬಾಲ್ಕನಿಯಿಂದ ಯಾರಾದರೂ ಕರೆದರೆ ಅವತ್ತು ಕೆಲಸ. ಅವ್ವ ಮನೆಯಲ್ಲಿ ಕೂತು ಗಾದಿಯ ಗಲೀಫು ಹೊಲಿಯುತ್ತಿದ್ದಳು, ಅರಳೆ ತುಂಬುತ್ತಿದ್ದಳು. ಗಾಳಿಯಲ್ಲಿ, ಕೂದಲಲ್ಲಿ, ಕುಡಿಯುವ ನೀರಿನಲ್ಲಿ ಅರಳೆಯ ನವಿರು. ನಮ್ಮ ಮನೆಯ ಸಾರಿಗೆ ಉಪ್ಪು ಬೀಳುವುದು ತಪ್ಪಿದರೂ ಅರಳೆ ಬೀಳುವುದು ತಪ್ಪುತ್ತಿರಲಿಲ್ಲ. ಅವ್ವ ಕೆಮ್ಮುತ್ತಿದ್ದಳು. ನದಾಫರ ಹೆಂಗಸರು ಕೆಮ್ಮದೆ ಇನ್ನಾರು ಕೆಮ್ಮಬೇಕು ಎಂದು ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಚಾಳಿನ ಉಳಿದ ಮುಸಲ್ಮಾನರು ಉತ್ತರದವರು, ಕೊಂಕಣದವರು. ನಮ್ಮನ್ನು ಅವರು "ಕಾನಡಿ" ಎನ್ನುತ್ತಿದ್ದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ, ಕುಂಟನನ್ನು ಕುಂಟ ಎಂದು ಕರೆಯುವ ಸಲಿಗೆ ಇತ್ತು. ಅವ್ವನ ಉರ್ದು ಎಂದರೆ ಅರ್ಧ ಕನ್ನಡ, ಅರ್ಧ ಕೈಸನ್ನೆ. ಹಾಗಾಗಿ ನಾಲ್ಕು ಜನ ಕೂಡಿದಲ್ಲಿ ಬಾಯಿ ಬಿಡುತ್ತಿರಲಿಲ್ಲ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂತುಕೊಳ್ಳುತ್ತಿದ್ದಳು. ಆದರೆ ಗುರುವಾರ ಮಧ್ಯಾಹ್ನ ಉಸ್ತಾನಿಬೀಯ ಖೋಲಿಗೆ ಹೋಗುವುದನ್ನು ಮಾತ್ರ ಒಂದು ದಿನವೂ ಬಿಟ್ಟವಳಲ್ಲ. ಉಸ್ತಾನಿಬೀ ಎಂದರೆ ಚಾಳಿನ ಹುಡುಗಿಯರಿಗೆಲ್ಲ ಖುರಾನು ಓದಲು ಕಲಿಸುವ ವಿಧವೆ, ಕಡ್ಡಿಯಂಥ ಹೆಂಗಸು, ಉತ್ತರದವಳು. ಗುರುವಾರ ಅವಳು ಜೋರಾಗಿ ಓದುತ್ತಿದ್ದಳು, ಹೆಂಗಸರು ಸೆರಗು ಹೊದ್ದು ಕೇಳುತ್ತಿದ್ದರು. ಅರಬ್ಬಿ ಅಲ್ಲಿ ಕೂತ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಕಣ್ಣೀರು ಬರುತ್ತಿತ್ತು. ನಾನು ಒಮ್ಮೆ ಅವ್ವನನ್ನು ಕೇಳಿದೆ, ತಿಳಿಯದಿದ್ದರೆ ಯಾಕೆ ಅಳುತ್ತೀ ಎಂದು.

"ತಿಳಿಯಾಂಗಿಲ್ಲ ಖರೆ. ಆದ್ರ ಒಳಗ ಹೋಗಿ ಕುಂದರ್ತೈತಿ ನೋಡು. ಮನಿಗೆ ಬಂದವರನ್ನ ನೀ ಯಾರು, ಯಾವೂರವರು ಅಂತ ಕೇಳಿ ಕುಂದರಸ್ತೇವೇನು?"

ಇನ್ನು ಖತಂ ಎಂಬುದರ ಬಗ್ಗೆ ಹೇಳಬೇಕು. ಖುರಾನನ್ನು ಮೂವತ್ತು ಭಾಗ ಮಾಡಿ ಮೂವತ್ತು ತೆಳ್ಳನೆಯ ಪುಸ್ತಕ ಕಟ್ಟಿರುತ್ತಾರೆ. ಒಂದೊಂದಕ್ಕೆ ಪಾರಾ ಎಂದು ಹೆಸರು. ನಮ್ಮ ಚಾಳಿನ ಮೂವತ್ತು ಪಾರಾಗಳು ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಉಸ್ತಾನಿಬೀಯ ಮನೆಯಲ್ಲಿರುತ್ತಿದ್ದವು. ಯಾರದಾದರೂ ಮನೆಯಲ್ಲಿ ಸಾವಾದರೆ ಮೂರನೆಯ ದಿನ ಪೆಟ್ಟಿಗೆ ಆ ಮನೆಗೆ ಬರುತ್ತಿತ್ತು. ಗಂಡಸರು ಮಸೀದಿಯಲ್ಲಿ, ಹೆಂಗಸರು ಮನೆಯಲ್ಲಿ. ಬಿಳಿ ಚಾದರ ಹಾಸಿ, ಮೂವತ್ತು ಜನ ಮೂವತ್ತು ಪಾರಾ ಹಿಡಿದು ಒಟ್ಟಿಗೇ ಓದಲು ಕೂತರೆ ಗಂಟೆಯೊಂದರಲ್ಲಿ ಇಡೀ ಖುರಾನು ಮುಗಿಯುತ್ತಿತ್ತು. ಅದರ ಪುಣ್ಯ ಸತ್ತವರಿಗೆ. ಓದಿದ್ದನ್ನು ಚಾದರದ ಬಲಕ್ಕೆ ಒಂದರ ಮೇಲೊಂದು ಇಡಬೇಕು.

ಪ್ರತಿಯೊಬ್ಬರೂ ಬೇರೆ ಬೇರೆ ಪುಟ ಓದುವುದರಿಂದ ಒಂದು ಮಾತೂ ಬಿಡಿಯಾಗಿ ಕೇಳುವುದಿಲ್ಲ. ಎಲ್ಲ ಕೂಡಿ ಒಂದು ಗುಂಯ್ ಎನ್ನುವ ಸದ್ದು, ಅನ್ನದ ಎಸರು ಕುದಿಯುವ ಮೊದಲು ಪಾತ್ರೆಯೊಳಗೆ ಏಳುತ್ತದಲ್ಲ, ಆ ಥರದ್ದು. ಸಣ್ಣವಳಿದ್ದಾಗ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಆ ಸದ್ದಿನಲ್ಲಿ ಎಷ್ಟೋ ಸಲ ನಿದ್ದೆಹೋಗಿದ್ದೇನೆ. ಸತ್ತವರ ಮನೆ ಎಂಬ ನೆನಪೂ ಇರುತ್ತಿರಲಿಲ್ಲ. ನನಗೆ ಅಷ್ಟು ಒಳ್ಳೆಯ ನಿದ್ದೆ ಆಮೇಲೆ ಎಂದೂ ಬರಲಿಲ್ಲ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಓದು ಬಾರದವರಿಗೆ ಖತಮಿನಲ್ಲಿ ಹುಣಸೆಬೀಜ ಎಣಿಸುತ್ತ ಕಲಿಮಾ ಹೇಳುವ ಕೆಲಸವಿತ್ತು. ಅವ್ವ ಬೀಜದ ಗುಂಪಿಗೆ ಹೋಗುತ್ತಿರಲಿಲ್ಲ. ಒಂದು ಪಾರಾ ಎತ್ತಿಕೊಂಡು, ಕಣ್ಣಿಗೊತ್ತಿಕೊಂಡು, ಮೊದಲ ಸಾಲಿನ ಬಲತುದಿಗೆ ಬೆರಳಿಟ್ಟು "ಬಿಸ್ಮಿಲ್ಲಾ" ಎಂದು ಎಡತುದಿಯವರೆಗೆ ಎಳೆಯುತ್ತಿದ್ದಳು. ಮತ್ತೆ ಎರಡನೆಯ ಸಾಲು, ಮತ್ತೆ ಬಿಸ್ಮಿಲ್ಲಾ. ಹೀಗೆ ಒಂದು ಸಾಲೂ ಬಿಡದೆ ಇಡೀ ಪಾರಾ. ಊರ ಕಡೆ ಅವಳ ಅವ್ವ, ಅಜ್ಜಿ ಎಲ್ಲರೂ ಹೀಗೇ ಮಾಡುತ್ತಿದ್ದರಂತೆ. "ಸಾಲು ಎಷ್ಟ ಅದಾವೋ ಅಷ್ಟ ಸಲ ಆ ಅಲ್ಲಾನ್ನ ಕರದೆ. ಒಂದರ ಸಲ ಓ ಅಂದಾನು" ಎನ್ನುತ್ತಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗ ಮೇಲಿನ ಮಾಳಿಗೆಯಲ್ಲಿ ಒಂದು ಸಾವಾಗಿ ಖತಂ ನಡೆಯಿತು. ಅವ್ವ ತನ್ನ ಪಾರಾ ಮುಗಿಸಿ, ಓದಿದವುಗಳ ಮೇಲೆ ಇಟ್ಟು ನೀರು ಕುಡಿಯಲು ಎದ್ದಳು. ತಿರುಗಿ ಬರುವಾಗ ಬಾಗಿಲಲ್ಲೇ ನಿಂತುಬಿಟ್ಟಳು. ಉಸ್ತಾನಿಬೀ ಅವ್ವನ ಪಾರಾವನ್ನು ಮೆಲ್ಲಗೆ ತೆಗೆದು ಪಕ್ಕದವಳ ಕೈಗೆ ಕೊಡುತ್ತಿದ್ದಳು. "ಯೇ ದುಬಾರಾ ಪಢ್ ಲೇ. ಉಂಗಲೀ ಫಿರಾನೇ ಸೇ ಪಢನಾ ಥೋಡೀ ಹೋತಾ ಹೈ" ಎಂದಳು. ಇದನ್ನು ಇನ್ನೊಮ್ಮೆ ಓದು, ಬೆರಳಾಡಿಸಿದರೆ ಓದಿದ ಹಾಗೆ ಆಯಿತೇ, ಎಂದು. ಮೆಲ್ಲಗೇ ಹೇಳಿದಳು. ನೋಯಿಸಬೇಕೆಂದು ಹೇಳಲಿಲ್ಲ. ಸತ್ತವರ ಲೆಕ್ಕದಲ್ಲಿ ಒಂದು ಪಾರಾ ಕಡಿಮೆ ಬೀಳಬಾರದು ಎಂಬುದಷ್ಟೇ ಅವಳ ಚಿಂತೆ. ಅವ್ವ ಮತ್ತೆ ಚಪ್ಪಲಿಗಳ ಹತ್ತಿರ ಬಂದು ಕೂತಳು. ಕೊನೆಯ ಪ್ರಾರ್ಥನೆಯಾದ ದುವಾ ಮುಗಿಯುವವರೆಗೆ ತನ್ನ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆ ಕೈ ನನಗೆ ಇನ್ನೂ ಕಾಣುತ್ತದೆ.

ಮರುದಿನ ಬೆಳಿಗ್ಗೆಯೇ ನನ್ನನ್ನು ಉಸ್ತಾನಿಬೀಯ ಮುಂದೆ ನಿಲ್ಲಿಸಿದಳು. ತನ್ನ ಮುರುಕು ಉರ್ದುವಿನಲ್ಲಿ, "ಇಸ್ಕೋ ಸಿಖಾವ್. ಮೈ ಮರೀ ತೋ ಯೇ ಪಢನಾ" ಎಂದಳು. ಇವಳಿಗೆ ಕಲಿಸು, ನಾನು ಸತ್ತರೆ ಇವಳು ಓದಬೇಕು. ಬರುವಾಗ ದಾರಿಯಲ್ಲಿ ನನ್ನ ರಟ್ಟೆ ಹಿಡಿದುಕೊಂಡು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು: "ನಂದು ಮಂದಿ ತಿರುಗಿ ಓದಿದ್ರು. ನಿಂದು ಯಾರೂ ತಿರುಗಿ ಓದಬಾರದು, ದಾವಲಿ. ನನ್ನ ಪಾಲಿಂದು ಒಂದ ಒಂದು ಪಾರಾ ನನ್ನ ಹೊಟ್ಟ್ಯಾಗ ಹುಟ್ಟಿದ ಬಾಯಿಲೆ ಓದಿಸ್ಕೊಬೇಕಂತ ಆಸೆ."

ದಾವಲಬಿ ಎಂಬುದು ನನ್ನ ಹೆಸರು. ಅವ್ವ ಜನ್ಮದಲ್ಲಿ ನನ್ನನ್ನು ಕೇಳಿದ್ದು ಇದೊಂದನ್ನೇ.

ಉಸ್ತಾನಿಬೀಯ ಪಾಠ ನೋಡುವಂತಿತ್ತು. ಹತ್ತು ಹುಡುಗಿಯರು ಸುತ್ತ ಕೂತು ತಂತಮ್ಮ ಪಾಠವನ್ನು ಏಕಕಾಲಕ್ಕೆ ಒದರುವುದು. ಉಸ್ತಾನಿಬೀ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುವಳು, ಕಣ್ಣು ಕಲ್ಲಿನ ಮೇಲೆ. ಹತ್ತು ಬಾಯಿಗಳ ಆ ಸಂತೆಯಲ್ಲಿ ಒಬ್ಬಳು ಒಂದು ಸ್ವರ ತಪ್ಪಿದರೆ ಸಾಕು, ತಲೆ ಎತ್ತದೆ "ಏ ಜುಬೇದಾ, ಖೀಂಚ್ ಕೇ!", ಎಳೆದು ಹೇಳು, ಎನ್ನುವಳು. ಅವಳ ಕಿವಿಗೆ ನಾವು ನಡುಗುತ್ತಿದ್ದೆವು. ಜುಬೇದಾ ನನ್ನ ಓರಗೆಯವಳು, ಎದುರಿನ ಖೋಲಿಯವಳು. ಅವಳು ಅಕ್ಷರ ನೋಡಿ ನೋಡಿ, ಎಡವಿ ಎಡವಿ ಓದುತ್ತಿದ್ದಳು. ದಿನಾ ಬೈಸಿಕೊಳ್ಳುತ್ತಿದ್ದಳು.

ನಾನು ಬೈಸಿಕೊಳ್ಳುತ್ತಿರಲಿಲ್ಲ. ನಾನು ಎಡವುತ್ತಲೇ ಇರಲಿಲ್ಲ, ಯಾಕೆಂದರೆ ನಾನು ಓದುತ್ತಲೇ ಇರಲಿಲ್ಲ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನನಗೆ ಅ ಆ ಇ ಈ ಚೆನ್ನಾಗಿ ಬರುತ್ತಿತ್ತು. ಕನ್ನಡದ ಅಕ್ಷರ ಮರ್ಯಾದಸ್ಥ, ಎಲ್ಲಿ ಕೂರಿಸಿದರೂ ಮುಖ ಹಾಗೇ ಇಟ್ಟುಕೊಂಡಿರುತ್ತದೆ. ಅರಬ್ಬಿಯದು ಮೊದಲಲ್ಲಿ ಒಂದು ಮುಖ, ನಡುವೆ ಇನ್ನೊಂದು, ಕೊನೆಗೆ ಮತ್ತೊಂದು. ಜೊತೆಗೆ ಚುಕ್ಕಿಗಳು. ನನಗೆ ತಲೆಕೆಟ್ಟಿತು. ಆದರೆ ಕಿವಿ ಚುರುಕಾಗಿತ್ತು. ಉಸ್ತಾನಿಬೀ ದಿನದ ಪಾಠವನ್ನು ಎರಡು ಸಲ ತಾನೇ ಓದಿ ತೋರಿಸುತ್ತಿದ್ದಳು. ನಾನು ಅದನ್ನು ಕಿವಿಯಲ್ಲಿ ತುಂಬಿಕೊಂಡು, ಓಡಿ ಮನೆಗೆ ಬಂದು, ಶಾಲೆಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ರಾತ್ರಿ ಊಟಕ್ಕೆ ಮೊದಲು ಬಾಯಿಪಾಠ. ಮರುದಿನ ಅರಬ್ಬಿ ಪುಸ್ತಕ ಮುಂದಿಟ್ಟುಕೊಂಡು ಗಡಗಡ ಒಪ್ಪಿಸಿಬಿಡುವುದು. ಆ ನೋಟುಬುಕ್ಕು ಅರಳೆಯ ಚೀಲದ ಅಡಿಯಲ್ಲಿ ಇರುತ್ತಿತ್ತು. ನಾಲ್ಕು ವರ್ಷದಲ್ಲಿ ಹೀಗೇ ಐದು ಪಾರಾ ದಾಟಿದೆ. ಕಳ್ಳತನಕ್ಕೆ ಪಟ್ಟ ಶ್ರಮದಲ್ಲಿ ಅರ್ಧ ಪಟ್ಟಿದ್ದರೆ ನಿಜವಾಗಿ ಓದಲು ಕಲಿಯುತ್ತಿದ್ದೆ ಎಂಬುದು ನನಗೆ ತಿಳಿದಾಗ ತಡವಾಗಿತ್ತು.

ಉಸ್ತಾನಿಬೀ ಬೇರೆ ಹುಡುಗಿಯರಿಗೆ ನನ್ನನ್ನೇ ತೋರಿಸತೊಡಗಿದಳು. "ದೇಖೋ, ಕಾನಡಿ ಹೋಕೇ ಭೀ ಕೈಸಾ ಸಾಫ್ ಪಢ್ತೀ ಹೈ!" ಕಾನಡಿಯಾದರೂ ಎಷ್ಟು ಚೊಕ್ಕ ಓದುತ್ತಾಳೆ, ಎಂದು. ಅವ್ವ ಅದನ್ನು ಕೇಳಿದ ದಿನ ಉಸ್ತಾನಿಬೀಗಾಗಿ ಒಂದು ಹೊಸ ತಲೆದಿಂಬು ಮಾಡಿ, ಒಳ್ಳೆಯ ಅರಳೆ ತುಂಬಿ ಕೊಟ್ಟು ಬಂದಳು.

ಗುರುವಾರ ಸಂಜೆ ಮನೆಯಲ್ಲೂ ನಾನು ಓದಬೇಕಾಗಿತ್ತು. ಲೋಬಾನದ ಹೊಗೆ, ಎದುರಿಗೆ ಉಸ್ತಾನಿಬೀ ಕೊಟ್ಟ ಹಳೆಯ ಪುಸ್ತಕ. ಅಪ್ಪ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವ್ವ ಕೈಯಲ್ಲಿ ಸೂಜಿ ಹಿಡಿದು ಗಲೀಫು ಹೊಲಿಯುತ್ತ ಕಣ್ಣು ಬಿಟ್ಟುಕೊಂಡೇ ಕೇಳುತ್ತಿದ್ದಳು. ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಬೆರಳನ್ನು. ಅವಳಿಗೆ ಓದು ಎಂದರೆ ಗೊತ್ತಿದ್ದದ್ದು ಅದೊಂದೇ. ನಾನೂ ತೋರಿಕೆಗೆ ಬೆರಳು ಎಳೆಯುತ್ತಿದ್ದೆ. ಒಂದು ದಿನ ನನ್ನ ಬಾಯಿಪಾಠ ಮುಗಿದು ಪುಸ್ತಕ ಮುಚ್ಚಲು ಹೊರಟಾಗ ಪುಟದಲ್ಲಿ ಇನ್ನೂ ನಾಲ್ಕು ಸಾಲು ಉಳಿದಿದ್ದವು.

"ನಿನ್ನ ಬೆರಳು ಹಿಂದ ಉಳೀತಲ್ಲವಾ" ಅಂದಳು ಅವ್ವ.

"ನಾ ಓದೂದು ಜೋರು ಐತಿ. ಬೆರಳಿಗೆ ಓಡಾಕ ಆಗೂದಿಲ್ಲ" ಅಂದೆ.

ಅವ್ವ ದಾರವನ್ನು ಹಲ್ಲಿನಿಂದ ಕಡಿದು ಸೂಜಿಗೆ ಹೊಸ ದಾರ ಪೋಣಿಸಿದಳು. ಅವಳನ್ನು ಏಮಾರಿಸಿದೆ ಎಂದು ನನಗೆ ಒಳಗೊಳಗೇ ಖುಷಿ. ಹತ್ತು ಬಾಯಿಯ ಗದ್ದಲದಲ್ಲಿ ತಪ್ಪು ಹಿಡಿಯುವ ಉಸ್ತಾನಿಬೀಗೆ ನಾಲ್ಕು ವರ್ಷ ಗೊತ್ತಾಗದ್ದು, ಅಕ್ಷರದ ಗಂಧವಿಲ್ಲದ ಅವ್ವನಿಗೆ ಗೊತ್ತಾದೀತೇ ಎಂದುಕೊಂಡೆ. ಉಸ್ತಾನಿಬೀ ಕಿವಿಯಿಂದ ಕೇಳುತ್ತಿದ್ದಳು, ನನ್ನ ಸದ್ದು ಚೊಕ್ಕವಾಗಿತ್ತು. ಅವ್ವ ನೋಡುತ್ತಿದ್ದದ್ದು ಬೆರಳನ್ನು. ಮೂರ್ಖಳಾದ ನನಗೆ ಆ ವ್ಯತ್ಯಾಸ ಹೊಳೆಯಲಿಲ್ಲ.

ನನಗೆ ಹದಿಮೂರು ತುಂಬಿದ ವರ್ಷ ಅವ್ವ ಹಾಸಿಗೆ ಹಿಡಿದಳು. ಹಾಸಿಗೆ ಎಂದರೆ ಚಾಪೆ. ಊರ ಮಂದಿಗೆಲ್ಲ ಗಾದಿ ಹೊಲಿದವಳಿಗೆ ಅರಳೆಯ ಮೇಲೆ ಮಲಗಬಾರದು ಎಂದು ಡಾಕ್ಟರರು ಹೇಳಿದ್ದರು. ಅಪ್ಪ ಹಿಂಜುವ ಕೆಲಸವನ್ನು ಮನೆಯಿಂದ ಹೊರಗೆ, ತಬೇಲೆಯ ಗೋಡೆಯ ಪಕ್ಕಕ್ಕೆ ಹಾಕಿಕೊಂಡ. ಬಾಗಿಲು ಮುಚ್ಚಿದರೂ ಬಿಲ್ಲಿನ ಸದ್ದು ಒಳಗೆ ಬರುತ್ತಿತ್ತು. ಅವ್ವ ಕೆಮ್ಮಿದಾಗ ಆ ಸದ್ದು ನಿಲ್ಲುತ್ತಿತ್ತು. ಕೆಮ್ಮು ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ನನ್ನ ಪಾಠ ನಿಂತಿತು, ಶಾಲೆಯೂ ನಿಂತಿತು. ಐದು ಪಾರಾ ಓದಿದವಳು ಮೂವತ್ತನ್ನೂ ಓದಬಲ್ಲಳು ಎಂಬುದು ಚಾಳಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು.

ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತ ಕೂತಿದ್ದೆ.

"ದಾವಲಿ, ನಾ ಹ್ವಾದ ಮ್ಯಾಲೆ ಖತಂ ಮಾಡ್ತಾರಲ್ಲ, ನಿನ್ನ ಕೈಯಾಗೂ ಒಂದು ಪಾರಾ ಕೊಡ್ತಾರ" ಅಂದಳು.

"ಹಂಗೆಲ್ಲಾ ಮಾತಾಡಬ್ಯಾಡ ಸುಮ್ಕಿರು."

"ಕೇಳಿಲ್ಲೆ. ಓದಾಕ ಬಂತಂದ್ರ ಓದು. ಬರಲಿಲ್ಲಂದ್ರ ನನ್ಹಂಗ ಬೆರಳಾಡಿಸು. ಮಂದಿ ನೋಡ್ತಾರಂತ ನಾಚಬ್ಯಾಡ. ನನಗ ನಡೀತೈತಿ."

ಅವಳಿಗೆ ಎಲ್ಲ ಗೊತ್ತಿತ್ತು. ಆ ನಾಲ್ಕು ಸಾಲಿನ ದಿನದಿಂದಲೋ, ಅದಕ್ಕೂ ಮೊದಲಿನಿಂದಲೋ. ಗೊತ್ತಿದ್ದೂ ತಲೆದಿಂಬು ಹೊಲಿದು ಕೊಟ್ಟಿದ್ದಳು. ಆಗಲೇ ಅವಳ ಕಾಲಿಗೆ ಬಿದ್ದು ಅತ್ತುಬಿಟ್ಟಿದ್ದರೆ ನನ್ನ ಬದುಕು ಹಗುರಾಗುತ್ತಿತ್ತು. ನಾನು ಎದ್ದು ನಿಂತೆ.

"ನನಗ ಓದಾಕ ಬರ್ತೈತಿ! ಐದು ಪಾರಾ ಮುಗಿಸೀನಿ. ನಿನ್ಹಂಗ ಹೆಬ್ಬೆಟ್ಟಲ್ಲ ನಾ!"

ಹೊರಗೆ ಬಿಲ್ಲಿನ ಸದ್ದು ನಿಂತಿತು. ಅಪ್ಪನಿಗೆ ಕೇಳಿಸಿತೇನೋ. ಅವ್ವ "ಹೌದವಾ. ನೀ ಹೆಬ್ಬೆಟ್ಟಲ್ಲ" ಅಂದಳು. ಕೆಣಕಲು ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ಹನ್ನೆರಡು ದಿನದ ಮೇಲೆ ಹೋಗಿಬಿಟ್ಟಳು. ಆ ಹನ್ನೆರಡು ದಿನದಲ್ಲಿ ನೀರು ಬೇಕು, ಬಾಗಿಲು ಹಾಕು ಎಂಬಂಥ ಮಾತು ಬಿಟ್ಟು ನಮ್ಮಿಬ್ಬರ ನಡುವೆ ಬೇರೆ ಮಾತು ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನದ ನಮಾಜು ಆದ ಮೇಲೆ ಪೆಟ್ಟಿಗೆ ನಮ್ಮ ಖೋಲಿಗೆ ಬಂತು. ಖೋಲಿ ಸಾಲದೆ ಹೊರಗಿನ ಓಣಿಯಲ್ಲೂ ಚಾದರ ಹಾಸಿದರು. ಅವ್ವ ಜೀವಮಾನವಿಡೀ ಚಪ್ಪಲಿಯ ಪಕ್ಕ ಕೂತವಳು. ಅವಳಿಗಾಗಿ ಇಡೀ ಚಾಳಿನ ಹೆಂಗಸರು ಬಂದಿದ್ದರು. ನಾನು ಒಳಗೊಂದು ಲೆಕ್ಕ ಹಾಕಿಕೊಂಡಿದ್ದೆ. ಮೊದಲ ಐದು ಪಾರಾದಲ್ಲಿ ಒಂದನ್ನು ಹಿಡಿದರೆ ಬಾಯಿಪಾಠದ ಬಲದಿಂದ ದಾಟಿಬಿಡಬಹುದು, ಅವ್ವನಿಗೂ ನಿಜವಾಗಿ ಮುಟ್ಟುತ್ತದೆ. ಆದರೆ ನಾನು ಬಂದವರಿಗೆ ನೀರು ಕೊಟ್ಟು, ಕೈಕಾಲು ತೊಳೆದು ಬಂದು ಕೂರುವಷ್ಟರಲ್ಲಿ ಅವೆಲ್ಲ ಖಾಲಿ. ಖತಮಿನಲ್ಲಿ ಯಾವಾಗಲೂ ಹಾಗೇ. ಮೊದಲಿನವು, ಕೊನೆಯವು ಎಲ್ಲರ ನಾಲಿಗೆಗೆ ಪಳಗಿದವು, ಎಲ್ಲರ ಕೈಯೂ ಮೊದಲು ಅವುಗಳ ಮೇಲೆಯೇ. ತಡವಾಗಿ ಬಂದವರ ಪಾಲಿಗೆ ನಡುವಿನವು. ಉಸ್ತಾನಿಬೀ ಉಳಿದದ್ದರಲ್ಲಿ ಒಂದನ್ನು ಎತ್ತಿ, ನನ್ನ ತಲೆ ಸವರಿ, ಕೈಯಲ್ಲಿಟ್ಟಳು. ಹದಿನೇಳನೆಯ ಪಾರಾ.

ತೆರೆದೆ. ಮೇಲ್ತುದಿಯಲ್ಲಿ ಬಿಸ್ಮಿಲ್ಲಾ ಇತ್ತು, ಅದರ ಗುರುತು ಇತ್ತು, ಹೇಳಿದೆ. ಅದರ ಕೆಳಗೆ ಇರುವೆಸಾಲು. ಗುರುತು ಹತ್ತಿದ ಅಕ್ಷರ ಎರಡೇ, ಒಂದು ಅಲಿಫ್, ಒಂದು ಲಾಮ್, ಆಮೇಲೆ ಕತ್ತಲೆ. ಸುತ್ತ ಗುಂಯ್ ಎಂಬ ಸದ್ದು ಏಳತೊಡಗಿತ್ತು. ಎದುರಿಗೆ ಜುಬೇದಾ ತಲೆ ಬಗ್ಗಿಸಿ, ಎಡವಿ ಎಡವಿ, ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದಳು. ನನ್ನ ಅವ್ವನಿಗಾಗಿ ಅವಳು ಓದುತ್ತಿದ್ದಳು.

ಬೆರಳಾಡಿಸಬಹುದಾಗಿತ್ತು. ಮೇಲಿನ ಸಾಲಿಗೆ ಹೇಳಿದ ಅದೇ ಮಾತನ್ನು ಕೆಳಗಿನ ಸಾಲಿಗೂ ಹೇಳಿದ್ದರೆ ಸಾಕಾಗಿತ್ತು. ಅವ್ವ ಅಷ್ಟಕ್ಕೇ ಒಪ್ಪಿದ್ದಳು, ತಾನೇ ಬಾಯಿಬಿಟ್ಟು ಹೇಳಿದ್ದಳು. ಬಲಗೈ ಎತ್ತಿದೆ ಕೂಡ. ಪಕ್ಕದಲ್ಲಿದ್ದವಳು ಕಣ್ಣಂಚಿನಲ್ಲಿ ನನ್ನ ಕಡೆ ನೋಡಿದಂತಾಯಿತು. ಚೊಕ್ಕ ಓದುವ ಕಾನಡಿ ಹುಡುಗಿ ಬೆರಳಾಡಿಸುತ್ತಿದ್ದಾಳೆ ಎಂದರೆ ನಾಳೆ ನಲ್ಲಿಯ ಸಾಲಿನಲ್ಲಿ ಏನು ಮಾತಾದೀತು! ಕೈ ಇಳಿದು ಮಡಿಲಿಗೆ ಬಂತು. ಸೆರಗಿನೊಳಗೆ ಇಟ್ಟುಕೊಂಡೆ.

ಆಮೇಲೆ ನಾನು ಮಾಡಿದ್ದು ಇಷ್ಟು. ಜುಬೇದಾ ಹಾಳೆ ತಿರುವಿದಾಗ ನಾನೂ ಎಡಗೈಯಿಂದ ಹಾಳೆ ತಿರುವಿದೆ. ತುಟಿ ಅಲ್ಲಾಡಬೇಕಲ್ಲ, ಅದಕ್ಕೆ ಏನಾದರೂ ಬೇಕಲ್ಲ. ಬರುತ್ತಿದ್ದ ಐದು ಪಾರಾಗಳಲ್ಲಿ ಒಂದಕ್ಷರವೂ ಆಗ ನಾಲಿಗೆಗೆ ಬರಲಿಲ್ಲ. ಬಂದದ್ದು ಶಾಲೆಯ ಮಗ್ಗಿ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ನಗಬೇಕೆನಿಸಿದರೆ ನಗಿ, ನಾನು ಬೇಡವೆನ್ನುವುದಿಲ್ಲ. ಮೂವತ್ತು ಹೆಂಗಸರಲ್ಲಿ ಇಪ್ಪತ್ತೊಂಬತ್ತು ಪರರು ನನ್ನ ಅವ್ವನಿಗಾಗಿ ಖುರಾನು ಓದಿದರು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಬಾಯಿ ಮಗ್ಗಿ ಹೇಳಿತು.

ಪಾರಾ ಮುಚ್ಚಿ ಓದಿದವುಗಳ ಮೇಲೆ ಇಟ್ಟೆ. ಉಸ್ತಾನಿಬೀ ಅದನ್ನು ನೋಡಿದಳು. ಅವ್ವನದನ್ನು ತೆಗೆದು ಪಕ್ಕದವಳಿಗೆ ಕೊಟ್ಟ ಹಾಗೆ ನನ್ನದನ್ನು ತೆಗೆದು ಕೊಡಲಿ ಎಂದು ಒಂದು ಕ್ಷಣ ಬೇಡಿಕೊಂಡೆ. ಅವಳು ಮುಟ್ಟಲಿಲ್ಲ. ಹತ್ತು ಹುಡುಗಿಯರ ಗದ್ದಲದಲ್ಲಿ ಒಂದು ಸ್ವರದ ತಪ್ಪು ಹಿಡಿಯುವ ಕಿವಿಗೆ ಎರಡು ಮಾರು ದೂರದ ನನ್ನ ಮಗ್ಗಿ ಕೇಳಿಸಲಿಲ್ಲವೇ? ಕೇಳಿಸಿದ್ದೂ ತಾಯಿಯಿಲ್ಲದವಳೆಂದು ಬಿಟ್ಟಳೇ? ಅವಳೂ ಮಣ್ಣಾಗಿ ಎಷ್ಟೋ ವರ್ಷವಾಯಿತು. ಇನ್ನು ಕೇಳುವವರು ಯಾರು.

ಎಲ್ಲರೂ ಕೈ ಎತ್ತಿದರು. ಉಸ್ತಾನಿಬೀ ದುವಾ ಬೇಡಿದಳು. ಕೊನೆಯಲ್ಲಿ ಸ್ವರ ಏರಿಸಿ, ಈ ಮೂವತ್ತರಲ್ಲಿ ಸತ್ತವಳ ಮಗಳು ತನ್ನ ನಾಲಿಗೆಯಿಂದ ಓದಿದ ಪಾರಾವೂ ಇದೆ, ಯಾ ಅಲ್ಲಾ, ಅದರ ಪುಣ್ಯ ಎಲ್ಲಕ್ಕಿಂತ ಮೊದಲು ಅವಳ ತಾಯಿಗೆ ಮುಟ್ಟಲಿ ಎಂದಳು. ಹೆಂಗಸರೆಲ್ಲ ಅಳುತ್ತ ಆಮೀನ್, ಹಾಗೇ ಆಗಲಿ, ಎಂದರು. ನಾನೂ ಅಂದೆ. ಎಲ್ಲರಿಗಿಂತ ಗಟ್ಟಿಯಾಗಿ ಅಂದೆ. ಮಸೀದಿಯಿಂದ ಬಂದು ತಬೇಲೆಯ ಗೋಡೆಯ ಪಕ್ಕ ಕೂತಿದ್ದ ಅಪ್ಪನಿಗೂ ಕೇಳಿಸಿತಂತೆ. ಮುಂದೆ ಸಾಯುವವರೆಗೂ ಗಾದಿ ಹಾಕಿಸಿಕೊಳ್ಳುವ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ, ನನ್ನ ಮಗಳು ಅವರವ್ವಗ ತಾನ ಪಾರಾ ಓದಿದ್ಲು ಎಂದು.

ಪಾರಾಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಹದಿನೇಳನೆಯದನ್ನು ಅರಳೆಯ ಚೀಲದೊಳಗೆ ತುರುಕಿದೆ. ಬೇಗ ಅಕ್ಷರ ಕಲಿತು, ಓದಿ, ಯಾರಿಗೂ ಗೊತ್ತಾಗದಂತೆ ವಾಪಸು ಇಟ್ಟುಬಿಡುವುದೆಂದು ಲೆಕ್ಕ. ಕಲಿಸುವವರು ಬೇಕಲ್ಲ! ಐದು ಪಾರಾ ಮುಗಿಸಿದವಳು ಮತ್ತೆ ಅಲಿಫ್ ಬೇ ಕಲಿಸಿರಿ ಎಂದು ಯಾರ ಬಾಗಿಲಿಗೆ ಹೋಗುವುದು? ಪೆಟ್ಟಿಗೆಯಲ್ಲಿ ಒಂದು ಕಡಿಮೆ ಬಿತ್ತೆಂದು ಉಸ್ತಾನಿಬೀ ಮನೆಮನೆ ಹುಡುಕಿದಳು. ನಮ್ಮ ಮನೆಯಲ್ಲಿ ಮಾತ್ರ ಕೇಳಲಿಲ್ಲ. ಆಮೇಲೆ ನಮ್ಮ ಚಾಳಿನಲ್ಲಿ ಯಾರು ಸತ್ತರೂ ಹದಿನೇಳನೆಯದನ್ನು ದೊಡ್ಡ ಖುರಾನು ತೆರೆದು ಯಾರಾದರೂ ಬೇರೆ ಓದಬೇಕಾಗುತ್ತಿತ್ತು. ನಾನು ಯಾವ ಖತಮಿಗೂ ಹೋಗಲಿಲ್ಲ. ತಲೆನೋವು ಎನ್ನುತ್ತಿದ್ದೆ. ನಿಜಕ್ಕೂ ತಲೆ ನೋಯುತ್ತಿತ್ತು.

ಮದುವೆಯಾಗಿ ವಿಕ್ರೋಳಿಗೆ ಬಂದೆ, ಗಂಡ ಕಾರ್ಖಾನೆಯಲ್ಲಿದ್ದ. ಗಾದಿಯ ಪಟ್ಟೆಪಟ್ಟೆ ಬಟ್ಟೆಯಲ್ಲಿ ಸುತ್ತಿದ ಆ ಪಾರಾ ಟ್ರಂಕಿನ ತಳದಲ್ಲಿ ಬಂತು. ಮಗಳು ಮದ್ರಸಾಕ್ಕೆ ಹೋಗತೊಡಗಿದಾಗ, ಅವಳ ಪಾಠ ನೋಡುತ್ತೇನೆಂಬ ನೆವದಲ್ಲಿ ಪಕ್ಕ ಕೂತು, ಮೂವತ್ತು ದಾಟಿದ ಹೆಂಗಸು ಅಲಿಫ್ ಬೇ ಕಲಿತೆ. ಈ ಸಲ ಕನ್ನಡದಲ್ಲಿ ಬರೆದುಕೊಳ್ಳಲಿಲ್ಲ. ಎರಡು ವರ್ಷ ಹಿಡಿಯಿತು. ತಾಯಿಯ ಖತಮಿನಲ್ಲಿ ಓದದೆ ಓದಿದಂತೆ ನಟಿಸಿದವರು ಈಗೇನು ಮಾಡಬೇಕೆಂದು ಒಬ್ಬ ಮೌಲ್ವಿಯನ್ನು ಬೇರೆ ಯಾರದೋ ಸಂಗತಿ ಎಂಬಂತೆ ಕೇಳಿದೆ. ಒಳ್ಳೆಯ ಮನುಷ್ಯ, "ಈಗ ಓದಲಿ ಅಮ್ಮ, ಅಲ್ಲಾ ಮನಸ್ಸು ನೋಡುತ್ತಾನೆ" ಎಂದರು. ಮನಸ್ಸು ನೋಡುತ್ತಾನೆ ಎಂಬುದೇ ನನ್ನ ಭಯ ಎಂದು ಅವರಿಗೆ ಹೇಳಲಾಗಲಿಲ್ಲ.

ಹದಿನೇಳನೆಯ ಪಾರಾ ನನಗೆ ಈಗ ತಡೆಯಿಲ್ಲದೆ ಓದಲು ಬರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಟ್ರಂಕು ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು, ಒಂದು ಸಾಲೂ ಬಿಡದೆ ಓದುತ್ತೇನೆ. ಬೆರಳು ಹಿಂದೆ ಉಳಿಯುವುದಿಲ್ಲ. ಸುತ್ತ ಆ ಗುಂಯ್ ಎನ್ನುವ ಸದ್ದಿರುವುದಿಲ್ಲ, ನನ್ನ ಒಂಟಿ ಸ್ವರ ಮಾತ್ರ. ಮುಗಿದ ಮೇಲೆ ಎರಡೂ ಕೈ ಎತ್ತುತ್ತೇನೆ. ಅವ್ವನ ಹೆಸರು ಹೇಳುತ್ತೇನೆ. ಇದು ಅವಳಿಗೆ ಮುಟ್ಟಲಿ ಎನ್ನುತ್ತೇನೆ. ಅಲ್ಲಿಂದ ಮುಂದೆ ಹೇಳಬೇಕಾದ ಆ ಒಂದು ಮಾತು ಬಾಯಿಗೆ ಬರುವುದಿಲ್ಲ. ಎಷ್ಟೋ ಹೊತ್ತು ಕೈ ಎತ್ತಿಕೊಂಡೇ ಕೂತಿರುತ್ತೇನೆ. ಅದನ್ನು ನಾನು ಆ ದಿನವೇ, ಓದದೆ, ಎಲ್ಲರಿಗಿಂತ ಗಟ್ಟಿಯಾಗಿ ಅಂದುಬಿಟ್ಟಿದ್ದೇನೆ.